ಪೋಲಿಷ್ ಅಂಗಡಿಯಲ್ಲಿ ಬರಗು, ಸಬ್ಬಸಿಗೆ, ಗಸಗಸೆ

ಇಂಗ್ಲೆಂಡಿನ ಸ್ಲೌ ಊರಿಗೆ ಬಂದ ಹೊಸತು. ಪೋಲಿಷ್ ಅಂಗಡಿಯಿಂದ ನಾನು ತಂದ ಮೊದಲ ಸಾಮಾನು ಯಾವುದು ಗೊತ್ತಾ? ಒಂದು ಡಬ್ಬಿ ಹಂದಿ ಕೊಬ್ಬು. ಬೆಳ್ಳಗೆ, ನುಣ್ಣಗೆ, ಅಲ್ಲಲ್ಲಿ ಹುರಿದ ಈರುಳ್ಳಿ ಚೂರು. ಬೆಣ್ಣೆಗೆ ಈರುಳ್ಳಿ ಕಲಸಿದ್ದಾರೆ ಅಂದುಕೊಂಡೆ. ಬಿಸಿ ದೋಸೆ ಮೇಲೆ ಒಂದು ಚಮಚ ಹಾಕಿದ್ದೂ ಆಯಿತು. ವಾಸನೆ ಯಾಕೋ ಬೇರೆ ಅನ್ನಿಸಿ ಫೋನಿನಲ್ಲಿ ಲೇಬಲ್ ಓದಿಸಿದೆ. 'ಸ್ಮಾಲೆಟ್ಸ್' ಅಂದ್ರೆ ಹಂದಿ ಕೊಬ್ಬಂತೆ. ನಮ್ಮದು ಮಾಂಸ ತಿನ್ನದ ಮನೆ. ಡಬ್ಬಿ ಪಕ್ಕದ ಮನೆಯ ಪೋಲಿಷ್ ಅಜ್ಜನಿಗೆ ಹೋಯಿತು. ಸಂಜೆ ಅವರು ಒಂದು ಹಿಡಿ 'ಕ್ರುಫ್ಕಿ' ತಂದುಕೊಟ್ಟರು. ಹಾಲು, ಸಕ್ಕರೆ ಕಾಯಿಸಿ ಮಾಡುವ ಮಿಠಾಯಿ, ಕಾಗದದ ಮೇಲೆ ಹಸುವಿನ ಚಿತ್ರ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಬಾಯಲ್ಲಿಟ್ಟರೆ ಹಾಲಿನ ಬರ್ಫಿಯ ನೆನಪು. ನನ್ನ ಎರಡನೇ ಪಾಠ ಅಲ್ಲಿಂದ ಶುರುವಾಯಿತು.

2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್ನಿಗೆ ಲಕ್ಷಗಟ್ಟಲೆ ಪೋಲಿಷ್ ಜನ ಬಂದರು. ಅವರ ಹಿಂದೆಯೇ 'ಪೋಲ್ಸ್ಕಿ ಸ್ಕ್ಲೆಪ್' ಅನ್ನೋ ಬೋರ್ಡುಗಳೂ ಬಂದವು. ಸ್ಕ್ಲೆಪ್ ಅಂದ್ರೆ ಅಂಗಡಿ. ಇಲ್ಲಿರುವ ನಮ್ಮವರು ಅದರ ಮುಂದೆ ದಿನಾ ಓಡಾಡುತ್ತಾರೆ, ಒಳಗೆ ಮಾತ್ರ ಹೋಗೋದಿಲ್ಲ. ಹೋಗಿ. 'ಜೆನ್ ದೊಬ್ರಿ' ಅಂದ್ರೆ ನಮಸ್ಕಾರ ಅಂದ ಹಾಗೆ, ಅಷ್ಟು ಸಾಕು. ನಾನು ಪಾಲಿಸುವ ನಿಯಮ ಒಂದೇ: ತೀರಾ ಹೊಸದನ್ನು ಹುಡುಕಬೇಡಿ, ನಮ್ಮ ಅಡುಗೆಮನೆಗೆ ನೆಂಟಸ್ತಿಕೆ ಇರುವುದನ್ನು ಹುಡುಕಿ.

ಮೊದಲು ಸ್ವಲ್ಪ ಅಕ್ಷರಾಭ್ಯಾಸ. ಪೋಲಿಷ್‌ನಲ್ಲಿ ಎಸ್ ಪಕ್ಕ ಜೆಡ್ ಬಂದರೆ 'ಶ', ಸಿ ಪಕ್ಕ ಜೆಡ್ ಬಂದರೆ 'ಚ'. ಡಬ್ಲ್ಯೂ ಬಂದರೆ 'ವ', ಜೆ ಬಂದರೆ 'ಯ'. ಸಿ ಒಂದೇ ಇದ್ದರೆ 'ತ್ಸ'. ಇಷ್ಟು ಗೊತ್ತಿದ್ದರೆ ಅರ್ಧ ಅಂಗಡಿ ಓದಬಹುದು. ಸಸ್ಯಾಹಾರಿಗಳು ಇನ್ನೊಂದಿಷ್ಟು ಬಾಯಿಪಾಠ ಮಾಡಬೇಕು. 'ಮ್ಯೆನ್ಸೊ' ಮಾಂಸ, 'ಬೊಚೆಕ್' ಹಂದಿಯದ್ದೇ ಬೇಕನ್, 'ಝೆಲಾತಿನಾ' ಜೆಲಟಿನ್, 'ಯಾಯಾ' ಮೊಟ್ಟೆ. 'ಬೆಸ್' ಅಂತ ಮುಂದೆ ಇದ್ದರೆ 'ಇಲ್ಲದ' ಅಂತ ಅರ್ಥ. 'ಬೆಸ್ ಮ್ಯೆನ್ಸಾ' ಕಂಡರೆ ಮಾಂಸವಿಲ್ಲ, ಆದರೂ ಉಳಿದ ಪದಗಳು ಇಲ್ಲ ಅಂತ ನೋಡಿಯೇ ಎತ್ತಿಕೊಳ್ಳಿ. ಪ್ಯಾಕೆಟ್ಟಿನ ಹಿಂದೆ ಸಾಮಾನ್ಯವಾಗಿ ಇಂಗ್ಲಿಷ್ ಚೀಟಿ ಇರುತ್ತದೆ. ಆದರೆ ಅಕ್ಷರ ಎಷ್ಟು ಸಣ್ಣ ಅಂದ್ರೆ ನನ್ನ ವಯಸ್ಸಿಗೆ ಕನ್ನಡಕ ಬೇಕೇ ಬೇಕು.

ಈಗ ಧಾನ್ಯದ ಸಾಲಿಗೆ ಬನ್ನಿ. 'ಕಾಶಾ' ಅಂತ ಹೆಸರಿರುವ ಪ್ಯಾಕೆಟ್ಟುಗಳ ಸಾಲು. ಮೂರು ವರ್ಷದ ಹಿಂದೆ ನಮ್ಮತ್ತೆ ಹಿರಿಯೂರಿನಿಂದ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಹಳದಿ ಕಾಳಿನ ಪ್ಯಾಕೆಟ್ಟೊಂದನ್ನು ಎತ್ತಿ, ಪ್ಲಾಸ್ಟಿಕ್ ಮೇಲೇ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು. "ಇದು ಬರಗು ಕಣೇ," ಅಂದರು. "ಅಲ್ಲ ಅತ್ತೆ, ಇದೇನೋ ಪೋಲೆಂಡಿಂದು," ಅಂದೆ. "ಪೋಲೆಂಡಾದ್ರೇನು, ಬರಗು ಬರಗೇ." ಮನೆಗೆ ಬಂದು ನೋಡಿದರೆ ಅವರದೇ ಸರಿ. 'ಕಾಶಾ ಯಗ್ಲಾನಾ' ಅಂದ್ರೆ ನಮ್ಮ ಬರಗಿನ ಅಕ್ಕಿಯೇ. ಒಂದೇ ಎಚ್ಚರಿಕೆ, ಕೆಲವು ಸಲ ಕಹಿ ಇರುತ್ತದೆ. ಬಾಣಲೆಯಲ್ಲಿ ಘಮ್ಮನ್ನುವ ತನಕ ಒಣದಾಗಿ ಹುರಿಯಿರಿ. ಆಮೇಲೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಕಹಿ ಹೋಗುತ್ತದೆ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು. ಅತ್ತೆ ಇರುವಷ್ಟು ದಿನ ನಮ್ಮಲ್ಲಿ ಬರಗಿನ ಮೊಸರನ್ನ ತಪ್ಪಲಿಲ್ಲ.

ಅದರ ಪಕ್ಕದ್ದು 'ಕಾಶಾ ಮನ್ನಾ', ಅಂದ್ರೆ ರವೆ. ಆದರೆ ಉಪ್ಪಿಟ್ಟಿಗೆ ಬೇಡ. ತೀರಾ ಸಣ್ಣ, ಚಿರೋಟಿ ರವೆ ತರಹ. ನಾನು ಉಪ್ಪಿಟ್ಟು ಮಾಡಿದಾಗ ಗೋಡೆಗೆ ಪೋಸ್ಟರ್ ಅಂಟಿಸಬಹುದಾಗಿತ್ತು. ಕೇಸರಿಬಾತಿಗೆ, ರವೆ ಉಂಡೆಗೆ ಚೆನ್ನ. 'ಕಾಶಾ ಗ್ರಿಚಾನಾ' ಬೇರೆಯೇ ಜಾತಿ, ಉತ್ತರ ಭಾರತದವರು ವ್ರತಕ್ಕೆ ತಿನ್ನುವ ಕುಟ್ಟು, ಇಂಗ್ಲಿಷಿನಲ್ಲಿ ಬಕ್‌ವೀಟ್. ಹುರಿದದ್ದು ಕಂದು ಬಣ್ಣ, ಘಾಟು ಜಾಸ್ತಿ. ಮೊದಲ ಸಲಕ್ಕೆ ಹುರಿಯದ, ಬಿಳಿಯದ್ದನ್ನು ತನ್ನಿ.

ಫ್ರಿಜ್ ಕಡೆ 'ಮಶ್ಲಾಂಕಾ' ಇದೆ, ಮಜ್ಜಿಗೆ. ನಮ್ಮದಕ್ಕಿಂತ ಮಂದ. ಮಜ್ಜಿಗೆಹುಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಇಲ್ಲಿ ಸಿಕ್ಕಿಲ್ಲ. 'ತ್ವಾರುಗ್' ನೋಡಲು ಪನೀರ್ ತರಹ, ಆದರೆ ಪನೀರ್ ಅಲ್ಲ. ಹುಳಿ ಇರುತ್ತದೆ, ಹುರಿಯಲು ಹೋದರೆ ಪುಡಿಪುಡಿ. ಮೂಲಂಗಿ, ಈರುಳ್ಳಿ ಸೊಪ್ಪು, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕಲಸಿ ಬ್ರೆಡ್ ಮೇಲೆ ಹಚ್ಚಿ. ಪೋಲಿಷರೂ ಹೆಚ್ಚುಕಡಿಮೆ ಹೀಗೇ ತಿನ್ನೋದು. ಹಸಿಮೆಣಸಿನಕಾಯಿ ಮಾತ್ರ ನನ್ನ ಸೇರ್ಪಡೆ.

ಸೌತೆಕಾಯಿ ಬಾಟಲಿಯಲ್ಲಿ ಎಲ್ಲರೂ ಎಡವುತ್ತಾರೆ. 'ಕೊನ್ಸೆರ್ವೋವೆ' ಅಂದ್ರೆ ವಿನೆಗರ್, ಸಕ್ಕರೆಯಲ್ಲಿ ಹಾಕಿದ್ದು, ಸಿಹಿಸಿಹಿ. ನಿಮಗೆ ಬೇಕಾದ್ದು 'ಕಿಶೋನೆ'. ಉಪ್ಪುನೀರಿನಲ್ಲಿ ತಾನಾಗೇ ಹುಳಿ ಬಂದದ್ದು, ನಮ್ಮ ಮಿಡಿ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿದ ಹಾಗೆ. ನೀರು ಮಬ್ಬಾಗಿರುತ್ತದೆ, ಹಾಗೇ ಇರಬೇಕು. ಒಳಗೆ ಬೆಳ್ಳುಳ್ಳಿ ಮತ್ತು ಸಬ್ಬಸಿಗೆ ಇರುತ್ತವೆ. ಹೌದು, ಸಬ್ಬಸಿಗೆ! ಅದಕ್ಕೆ ಅಲ್ಲಿ 'ಕೊಪೆರ್' ಅಂತಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ನಾಲ್ಕು ಎಸಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮಾರುವ ಸೊಪ್ಪು, ಪೋಲಿಷ್ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ನಾನು ಅಲ್ಲಿಗೆ ಹೋಗೋದು ಮುಖ್ಯವಾಗಿ ಇದಕ್ಕೇ. ಅಕ್ಕಿ ಹಿಟ್ಟಿಗೆ ಒಂದು ಕಟ್ಟು ಹೆಚ್ಚಿ ಹಾಕಿ ರೊಟ್ಟಿ ತಟ್ಟಿದರೆ ಮನೆಯೆಲ್ಲಾ ಘಮಘಮ. ಸೌತೆಕಾಯಿ ಖಾಲಿಯಾದ ಮೇಲೆ ಉಳಿದ ಹುಳಿನೀರನ್ನು ಚೆಲ್ಲಬೇಡಿ. ಸಾರಿಗೆ ಹುಣಿಸೆಹಣ್ಣಿನ ಬದಲು ಹಾಕಿ, ಉಪ್ಪು ಮಾತ್ರ ಕೊನೆಗೆ ನೋಡಿ.

ಇನ್ನು ಪಿಯೆರೋಗಿ. ಕಡುಬಿನ ದೂರದ ತಮ್ಮ ಅನ್ನಿ. ನಮಗೆ ಆಗುವುದು 'ರುಸ್ಕಿಯೆ'. ಒಳಗೆ ಆಲೂಗಡ್ಡೆ, ತ್ವಾರುಗ್, ಹುರಿದ ಈರುಳ್ಳಿ. ಹೆಸರು ಕೇಳಿ ರಷ್ಯಾದ್ದು ಅಂದುಕೊಳ್ಳಬೇಡಿ, ಅದು ರುಥೇನಿಯಾ ಅನ್ನೋ ಹಳೆಯ ಸೀಮೆಯ ಹೆಸರು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ನಂತರ ಪೋಲೆಂಡಿನ ಕೆಲವು ಹೋಟೆಲಿನವರು ಇದನ್ನು ಉಕ್ರೇನಿನ ಪಿಯೆರೋಗಿ ಅಂತಲೇ ಕರೆಯತೊಡಗಿದರು. ಎಲೆಕೋಸು, ಅಣಬೆ ತುಂಬಿದ್ದೂ ಇದೆ. ಯಾವುದಾದರೂ ಸರಿ, 'ಸ್ಮಾಲೆಟ್ಸ್' ಇದೆಯಾ, 'ಯಾಯಾ' ಇದೆಯಾ ಓದಿ. ಉಪ್ಪು ಹಾಕಿದ ಕುದಿಯುವ ನೀರಿಗೆ ಏಳೆಂಟು ಮಾತ್ರ ಬಿಡಿ. ತೇಲಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ತೆಗೆಯಿರಿ. ಫ್ರೀಜರ್‌ದಾದರೆ ಕರಗಿಸಬೇಡಿ, ಹಾಗೇ ನೀರಿಗೆ ಹಾಕಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತವೆ. ಆಮೇಲೆ ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗಾಗಿಸಿ, ಅದರಲ್ಲೇ ಎರಡೂ ಕಡೆ ಗರಿಯಾಗುವಂತೆ ಹುರಿಯಿರಿ. ನನ್ನ ಮಗ ಇದಕ್ಕೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಾನೆ. ಪಕ್ಕದ ಮನೆ ಅಜ್ಜ ನೋಡಿ ಮುಖ ಸಿಂಡರಿಸಿದರು. ಮುಂದಿನ ಸಲ ಅವರೇ ಚಟ್ನಿಪುಡಿ ಕೇಳಿದರು.

ಬೇರೆ ದೇಶದ್ದಕ್ಕೂ ಇದೇ ಲೆಕ್ಕ. ಟರ್ಕಿಯವರ ಅಂಗಡಿಯ ದಪ್ಪ ಬುಲ್ಗರ್ ಗೋಧಿ ನುಚ್ಚಿನ ಉಪ್ಪಿಟ್ಟಿಗಾಯಿತು. ರೊಮೇನಿಯಾದ ಜಕುಸ್ಕಾ ಬದನೆಕಾಯಿ, ಕೆಂಪು ದಪ್ಪಮೆಣಸಿನಕಾಯಿಯದ್ದು, ಚಪಾತಿಗೆ ಹೇಳಿ ಮಾಡಿಸಿದ್ದು. ಅಂಗಡಿ ದೂರ ಇದ್ದರೆ ಟೆಸ್ಕೊ, ಸೇನ್ಸ್‌ಬರಿಯ ದೊಡ್ಡ ಮಳಿಗೆಗಳಲ್ಲಿ ನಮ್ಮ ತೊಗರಿಬೇಳೆ ಇಡುವ ಆಸುಪಾಸಿನಲ್ಲೇ ಪೋಲಿಷ್ ಸಾಮಾನೂ ಇರುತ್ತದೆ. ಆದರೆ ಸಬ್ಬಸಿಗೆ ಕಟ್ಟು ಅಲ್ಲಿ ಸಿಗಲ್ಲ.

ಗಸಗಸೆ ಮರೆತೇಬಿಟ್ಟಿದ್ದೆ. 'ಮಾಕ್' ಅಂತ ಕೇಳಿ. ನಮ್ಮದು ಬಿಳಿ, ಅವರದು ನೀಲಿ ಮಿಶ್ರಿತ ಬೂದು. ಪಾಯಸ ಬೂದು ಬಣ್ಣಕ್ಕೆ ತಿರುಗುತ್ತದೆ, ರುಚಿ ಚೆನ್ನಾಗಿರುತ್ತದೆ. ಅವರು ಕ್ರಿಸ್‌ಮಸ್‌ಗೆ ಇದನ್ನು ಅರೆದು ಸುರುಳಿ ಕೇಕಿನೊಳಗೆ ತುಂಬುತ್ತಾರೆ. ಅತ್ತೆ ಊರಿಗೆ ಹೊರಟಾಗ ಒಂದು ಪ್ಯಾಕೆಟ್ ಬ್ಯಾಗಿಗೆ ಹಾಕಿಕೊಂಡಿದ್ದರು. ಅವರ ವಿಮಾನ ದುಬೈ ಮೇಲೆ. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ, ಸಿಕ್ಕಿಬಿದ್ದರೆ ಜೈಲು ಅಂತ ಹೇಳಿ, ಹೊರಡುವ ಅರ್ಧ ಗಂಟೆ ಮುಂಚೆ ಬ್ಯಾಗ್ ಬಿಚ್ಚಿಸಿ ತೆಗೆದೆ. ಆ ಜಾಗಕ್ಕೆ ಕ್ರುಫ್ಕಿ ತುಂಬಿ ಕಳಿಸಿದೆ.