ಬೆಳಕಿಗಾಗಿ ಕಾಯುವ ಕೆಲಸ

ಭೂದೃಶ್ಯದ ಛಾಯಾಗ್ರಹಣಕ್ಕೆ ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ಕಾಯಬೇಕು ಎಂದು ಹೇಳುವವರು ಕಡಿಮೆ. ಮುಂದೇನಾಗಲಿದೆ ಎಂಬ ಅಂದಾಜೇ ಇಲ್ಲದೆ ಬೆಟ್ಟದ ತುದಿಯಲ್ಲಿ ಮೂರು ಗಂಟೆ ಕುಳಿತವರು ಬೇಸತ್ತು ಇಳಿದುಬರುತ್ತಾರೆ. ಬಿಸಿಲು ಯಾವ ಕಡೆಯಿಂದ, ಎಷ್ಟು ಹೊತ್ತಿಗೆ, ಯಾವ ಬಂಡೆಯ ಮೇಲೆ ಬೀಳಲಿದೆ ಎಂದು ಲೆಕ್ಕಹಾಕಿ ಕುಳಿತವರಿಗೆ ಅದೇ ಮೂರು ಗಂಟೆ ದುಡಿಮೆಯ ಹೊತ್ತು. ಕಲ್ಪನೆಯ ಕೆಲಸವೂ ನಡೆಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿಯೇ.

ಹೊಸ ಸ್ಥಳಕ್ಕೆ ಮೊದಲ ಸಲ ಹೋದಾಗ ಟ್ರೈಪಾಡನ್ನು ಬಿಚ್ಚಬೇಡಿ. ಒಮ್ಮೆ ಅದರ ಕಾಲುಗಳನ್ನು ಊರಿದ ಮೇಲೆ ನಮ್ಮ ಕಾಲುಗಳೂ ಅಲ್ಲಿಯೇ ನೆಟ್ಟುಕೊಳ್ಳುತ್ತವೆ. ಚಿತ್ರಕ್ಕೆ ಅಷ್ಟಾಗಿ ಒದಗದ ನಡುಹಗಲಿನ ಬೆಳಕು ಸುತ್ತಾಡಿ ನೋಡುವುದಕ್ಕೆ ಸಾಕು. ನಿಂತು ನೋಡಿದ್ದನ್ನು ಮಂಡಿಯೂರಿ ನೋಡಿ, ಎರಡು ಹೆಜ್ಜೆ ಎಡಕ್ಕೆ ಸರಿದು ನೋಡಿ. ಮುನ್ನೆಲೆಯ ಕಲ್ಲಿಗೂ ದೂರದ ಶಿಖರಕ್ಕೂ ಇರುವ ಸಂಬಂಧ ಅಷ್ಟರಲ್ಲಿಯೇ ಬದಲಾಗುತ್ತದೆ. ಮೊಬೈಲಿನಲ್ಲಿ ಹತ್ತಾರು ಗುರುತಿನ ಚಿತ್ರಗಳನ್ನು ತೆಗೆದುಕೊಂಡು, ಸೂರ್ಯ ಹುಟ್ಟುವ ಮತ್ತು ಮುಳುಗುವ ದಿಕ್ಕನ್ನು ದಿಕ್ಸೂಚಿಯಿಂದ ಬರೆದಿಟ್ಟುಕೊಳ್ಳಿ. ಈ ದಿಕ್ಕು ವರ್ಷವಿಡೀ ಒಂದೇ ಆಗಿರುವುದಿಲ್ಲ: ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ (ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗಿರುವ ದಿನದ) ಆಸುಪಾಸಿನಲ್ಲಿ ದಿಗಂತದ ಉದ್ದಕ್ಕೂ ಬೇಗ ಬೇಗ ಸರಿಯುವ ಆ ಬಿಂದು, ಜೂನ್ ಮತ್ತು ಡಿಸೆಂಬರ್ ತಿಂಗಳ ಕೊನೆಯ ಭಾಗದಲ್ಲಿ ನಿಂತೇಬಿಟ್ಟಂತೆ ಕಾಣುತ್ತದೆ. ಈಗ ಎಳೆಬಿಸಿಲು ತಾಗದ ಕಣಿವೆಗೆ ಆರು ತಿಂಗಳ ನಂತರ ಅದು ತಾಗಬಹುದು. ಕೆಲವು ಚಿತ್ರಗಳಿಗೆ ಬೇಕಾಗುವ ತಾಳ್ಮೆ ಗಂಟೆಗಳದ್ದಲ್ಲ, ಋತುಗಳದ್ದು.

ಬೆಳಕಿನ ಲೆಕ್ಕ ಕಷ್ಟದ್ದೇನಲ್ಲ. ಆಕಾಶದಲ್ಲಿ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸಾಗುತ್ತಾನೆ. ದಿಗಂತದಿಂದ ಸುಮಾರು 6 ಡಿಗ್ರಿ ಎತ್ತರಕ್ಕೆ ಇಳಿದ ಮೇಲೆ ಅವನ ಕಿರಣಗಳು ಗಾಳಿಯ ಉದ್ದನೆಯ ಪದರವನ್ನು ಹಾದುಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗಿ ಹೊಂಬಣ್ಣ ಉಳಿಯುತ್ತದೆ. ಸಮಭಾಜಕದ ಬಳಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಈ ಹೊತ್ತು ಅರ್ಧ ಗಂಟೆಗಿಂತ ಕಡಿಮೆ. ಧ್ರುವಗಳತ್ತ ಹೋದಂತೆ ಅವನ ದಾರಿ ಓರೆಯಾಗಿ ಹೊತ್ತು ಹಿಗ್ಗುತ್ತದೆ. ಸೂರ್ಯ ಮುಳುಗಿದೊಡನೆ ಬಣ್ಣ ಮುಗಿಯಿತೆಂದು ಭಾವಿಸಬಾರದು. ದಿಗಂತದ ಬಳಿ ಮೋಡವಿಲ್ಲದ ತೆರವೊಂದಿದ್ದು ಮೇಲ್ಗಡೆ ತೆಳುವಾದ ಎತ್ತರದ ಮೋಡಗಳಿದ್ದರೆ, ಮುಳುಗಿದ ಸೂರ್ಯ ಅವುಗಳನ್ನು ಕೆಳಗಿನಿಂದ ಬೆಳಗುತ್ತಾನೆ. ನಿಜವಾದ ಕೆಂಪು ಏರುವುದು ಹಲವೊಮ್ಮೆ ಆಗಲೇ. ಆ ತೆರವೇ ಮುಚ್ಚಿಹೋಗಿದ್ದರೆ ಕೆಂಪಿನ ಆಸೆ ಬಿಟ್ಟು ಕಪ್ಪುಬಿಳುಪಿನ ಯೋಚನೆ ಮಾಡುವುದು ಲೇಸು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಂದು ಸಂಜೆ ಪಶ್ಚಿಮಕ್ಕೆ ಕ್ಯಾಮೆರಾ ತಿರುಗಿಸಿ, ಏನೂ ಆಗದ ಆಕಾಶವನ್ನು ನಲವತ್ತು ನಿಮಿಷ ದಿಟ್ಟಿಸಿ, ಬೇಸರದಿಂದ ಸಾಮಾನು ಕಟ್ಟಿ ತಿರುಗಿದಾಗ, ಬೆನ್ನ ಹಿಂದೆ ಪೂರ್ವದ ಬೆಟ್ಟಸಾಲಿನ ಮೇಲೆ ನೀಲಿ ಪಟ್ಟಿಯೂ ಅದರ ಮೇಲೊಂದು ತಿಳಿಗುಲಾಬಿ ಪಟ್ಟಿಯೂ ಮಾಸುತ್ತಿದ್ದವು. ಆ ನೀಲಿ ಭೂಮಿಯದೇ ನೆರಳು. ತಿಳಿಯಾದ ಆಕಾಶವಿರುವ ಸಂಜೆಗಳಲ್ಲಿ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಅದು ಮೇಲೇಳುತ್ತದೆ. ಅಂದಿನಿಂದ ಐದು ನಿಮಿಷಕ್ಕೊಮ್ಮೆ ಹಿಂದಿರುಗಿ ನೋಡುತ್ತೇನೆ.

ಮಂಜನ್ನೂ ತಕ್ಕಮಟ್ಟಿಗೆ ಮುಂಗಾಣಬಹುದು. ಮಳೆಯಿಂದ ನೆಲ ತೊಯ್ದು, ರಾತ್ರಿ ಮೋಡ ಸರಿದು, ಗಾಳಿ ನಿಂತಿದ್ದರೆ ಮರುದಿನ ನಸುಕಿನಲ್ಲಿ ಕಣಿವೆ ತುಂಬುವ ಸಾಧ್ಯತೆ ಹೆಚ್ಚು. ಚಂದ್ರನನ್ನು ದೃಶ್ಯದೊಳಗೆ ತರಬೇಕಾದರೆ ಹುಣ್ಣಿಮೆಗಿಂತ ಅದರ ಹಿಂದಿನ ದಿನ ಒಳ್ಳೆಯದು. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದರಿಂದ, ಹುಣ್ಣಿಮೆಯ ಮುನ್ನಾದಿನ ಚಂದ್ರ ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ ಮೊದಲೇ ಮೇಲೆ ಬಂದಿರುತ್ತಾನೆ, ನೆಲದ ಮೇಲೂ ಬೆಳಕಿರುತ್ತದೆ.

ಕಾಯಲು ಕುಳಿತ ಮೊದಲ ಹತ್ತು ನಿಮಿಷದಲ್ಲಿ ಯಂತ್ರದ ಕೆಲಸ ಮುಗಿಸಿಬಿಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11, ಕಡತ ಸಂಸ್ಕರಿಸದ ರಾ ರೂಪದಲ್ಲಿ, ಶಟರ್‌ಗೆ ಎರಡು ಸೆಕೆಂಡಿನ ಟೈಮರ್. ಎಫ್ ಸಂಖ್ಯೆ ಏರಿದಂತೆ ಕಿಂಡಿ ಕಿರಿದಾಗುತ್ತದೆ; ಎಫ್ 16 ದಾಟಿದರೆ ಬೆಳಕಿನ ವಿವರ್ತನೆಯಿಂದ, ಅಂದರೆ ಕಿರುಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರದ ಮೊನಚು ತಗ್ಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟಿರುವುದು) 24 ಮಿ.ಮೀ. ಅಗಲ ಲೆನ್ಸನ್ನು ಎಫ್ 11ರಲ್ಲಿಟ್ಟು ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದು ಮೀಟರಿಗಿಂತ ಹತ್ತಿರದ ಕಲ್ಲಿನಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಬೆಳಕು ಬಂದಾಗ ಬೆರಳುಗಳು ಗುಂಡಿಗಳಲ್ಲಿ ತಡಕಾಡಬಾರದು.

ಉಳಿದ ಹೊತ್ತು ಕಣ್ಣಿಗೆ ಸೇರಿದ್ದು. 1927ರ ಏಪ್ರಿಲ್‌ನಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಭಾರವಾದ ಕ್ಯಾಮೆರಾ ಹೊತ್ತು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಎದುರಿನ ಕಡಿದಾದ ನೆಲೆಗೆ ಏರಿದಾಗ ಅವರ ಬಳಿ ಉಳಿದಿದ್ದವು ಫಿಲ್ಮಿನ ಬದಲು ಬಳಸುವ, ಒಂದಕ್ಕೊಂದೇ ಚಿತ್ರ ಬರುವ ಎರಡೇ ಗಾಜಿನ ಪ್ಲೇಟುಗಳು. ಹಳದಿ ಫಿಲ್ಟರ್ ಹಾಕಿ ಒಂದನ್ನು ಬಳಸಿದ ಮೇಲೆ, ಆ ಚಿತ್ರದಲ್ಲಿ ಬಂಡೆ ಇದ್ದಂತೆ ಬರುತ್ತದೆಯೇ ಹೊರತು ಅದು ತನ್ನೊಳಗೆ ಹುಟ್ಟಿಸಿದ ಗಾಂಭೀರ್ಯ ಬರಲಾರದು ಎಂದು ಅವರಿಗೆ ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಅದು ನೀಲಿಯನ್ನು ತಡೆದು ಕಪ್ಪುಬಿಳುಪು ಚಿತ್ರದಲ್ಲಿ ಆಕಾಶವನ್ನು ಕಪ್ಪಾಗಿಸಿತು. ಬಂಡೆ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು: ಅದು ಹೇಗಿದೆ ಎಂಬುದರ ಬದಲು, ನನ್ನೊಳಗೆ ಏನನ್ನು ಹುಟ್ಟಿಸುತ್ತಿದೆ ಎಂದಾಯಿತು. ಇಂದು ಎಷ್ಟು ಬೇಕಾದರೂ ಕ್ಲಿಕ್ಕಿಸಬಹುದಾದ ನಾವು ಆ ಪ್ರಶ್ನೆಯವರೆಗೆ ಹೋಗುವುದೇ ಅಪರೂಪ. ಹಾಗಾಗಿ ಒಂದು ಸಂಜೆಗೆ ಎರಡೇ ಚಿತ್ರ ಎಂದು ಕಟ್ಟುಹಾಕಿಕೊಂಡು ನೋಡಿ. ಮೊದಲ ದಿನ ಕಿರಿಕಿರಿಯಾಗುವುದು ಸಹಜ.

ಕಾಯುತ್ತಿರುವಾಗ ಕೇಳಿಕೊಳ್ಳಲು ಕೆಲವು ಪ್ರಶ್ನೆಗಳಿವೆ. ಆಕಾಶವನ್ನು ಪೂರ್ತಿ ಬಿಟ್ಟರೆ ಚಿತ್ರ ನಿಲ್ಲುತ್ತದೆಯೇ? ಅಗಲ ಲೆನ್ಸಿನ ಬದಲು, ದೂರದ್ದನ್ನು ಹತ್ತಿರ ತರುವ 100 ಅಥವಾ 200 ಮಿ.ಮೀ. ಲೆನ್ಸಿನಲ್ಲಿ ದೂರದ ಬೆಟ್ಟಗಳ ಮಡಿಕೆಗಳನ್ನಷ್ಟೇ ಆಯ್ದರೆ ಹೇಗೆ? ನೀರಿದ್ದರೆ ಶಟರ್ ವೇಗವೇ ಒಂದು ಕುಂಚ: ಸೆಕೆಂಡಿನ ಐನೂರರಲ್ಲೊಂದು ಭಾಗದಲ್ಲಿ ಹನಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅರ್ಧ ಸೆಕೆಂಡಿನಲ್ಲಿ ಹರಿವಿನ ಎಳೆಗಳು ಕಾಣುತ್ತವೆ, ಅರ್ಧ ನಿಮಿಷದಲ್ಲಿ ಅಲೆಗಳೇ ಅಳಿದು ಹೊಗೆಯಂತಾಗುತ್ತವೆ. ಲೆನ್ಸಿಗೆ ಹಾಕುವ ಕಪ್ಪು ಗಾಜಾದ ಎನ್‌ಡಿ ಫಿಲ್ಟರ್‌ನ ಒಂದೊಂದು ಸ್ಟಾಪ್ ಬೆಳಕನ್ನು ಅರ್ಧಕ್ಕಿಳಿಸುತ್ತದೆ; ಹತ್ತು ಸ್ಟಾಪಿನದು ಬೆಳಕನ್ನು ಸುಮಾರು ಸಾವಿರ ಪಟ್ಟು ತಗ್ಗಿಸುವುದರಿಂದ ಸೆಕೆಂಡಿನ ಮೂವತ್ತರಲ್ಲೊಂದು ಭಾಗದ ಎಕ್ಸ್‌ಪೋಷರ್ 34 ಸೆಕೆಂಡುಗಳಷ್ಟಾಗುತ್ತದೆ. ಅರ್ಧ ನಿಮಿಷದ ಹೊಗೆಯನ್ನು ನಾನು ಈಚೆಗೆ ಕೈಬಿಟ್ಟಿದ್ದೇನೆ. ಎಲ್ಲ ಕಡಲೂ ಒಂದೇ ಕಡಲಿನಂತೆ ಕಾಣತೊಡಗಿತ್ತು. ಹೊಳಪನ್ನು ಕಡಿಮೆಮಾಡುವ ಪೋಲರೈಸರ್ ಫಿಲ್ಟರ್ ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ಅಗಲ ಲೆನ್ಸಿನಲ್ಲಿ ಅದೇ ಕಾರಣಕ್ಕೆ ಆಕಾಶದ ಒಂದು ಭಾಗ ಮಾತ್ರ ಕಪ್ಪುಗಟ್ಟಿ ವಿಕಾರವಾಗುತ್ತದೆ. ಆದರೆ ಒದ್ದೆ ಎಲೆ ಮತ್ತು ಬಂಡೆಗಳ ಹೊಳಪು ಇಳಿಸಲು ಪೋಲರೈಸರಿಗಿಂತ ಒಳ್ಳೆಯ ಸಾಧನವಿಲ್ಲ.

ಬೆಳಕು ಬರದ ದಿನ ಟಿಪ್ಪಣಿ ಪುಸ್ತಕದಲ್ಲಿ ತಾರೀಕು, ಗಂಟೆ, ಗಾಳಿಯ ದಿಕ್ಕು, ನೆರಳು ಬಂಡೆಯ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಬರೆದುಕೊಂಡು ಇಳಿಯಿರಿ. ಇಳಿಯುವ ಮುನ್ನ, ಸೂರ್ಯ ಮುಳುಗಿ ಕನಿಷ್ಠ ಇಪ್ಪತ್ತು ನಿಮಿಷವಾಗಿದೆಯೇ ಎಂದು ಗಡಿಯಾರ ನೋಡಿಕೊಳ್ಳಿ.