ಹತ್ತಿ ಕಟ್ಟಿಗೆ ಸುಡೋಕೆ ಅರ್ಜಿ ಕೊಟ್ಟೆ, ತಪಾಸಣೆಯೂ ಆಯ್ತು

ಈ ಸಲ ನಮ್ಮ ಹತ್ತಿ ಕಟ್ಟಿಗೆಗೆ, ಅಂದರೆ ಹತ್ತಿ ಬಿಡಿಸಿದ ಮೇಲೆ ಉಳಿಯುವ ಒಣ ಗಿಡಕ್ಕೆ, ನಾವು ಬೆಂಕಿ ಹಚ್ಚಿದ್ದು ಅಗ್ನಿಶಾಮಕ ಠಾಣೆಯವರು ಬಂದು ಜಾಗ ನೋಡಿ ಹೋದ ಮೇಲೆ. "ಬೆಂಕಿ ಹಚ್ಚಾಕ ಯಾರರ ಅರ್ಜಿ ಬರೀತಾರೇನೋ ತಮ್ಮಾ?" ಎಂದು ಕೇಳಿದ್ದ ಕಾಕಾ ಮೊನ್ನೆ ಅದೇ ಅರ್ಜಿಯ ನಕಲು ಇಸ್ಕೊಂಡು ಹೋದರು. ಇನ್ನೂ ಕೆಲವರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಯಚೂರು ಕಡೆ ಹತ್ತಿ ಬೆಳೆಯುವವರಿಗೆ ಯಾಕೆ ಸುಡಬೇಕು ಅಂತ ನಾನು ಹೇಳಬೇಕಿಲ್ಲ. ಬದುವಿನ ಮೇಲೆ ಕಟ್ಟಿಗೆ ಒಟ್ಟಿಟ್ಟರೆ ಅದರಲ್ಲಿ ಉಳಿದ ಒಣ ಕಾಯಿಯೊಳಗೆ ಗುಲಾಬಿ ಕಾಯಿಕೊರಕ ಅನ್ನೋ ಹತ್ತಿಯ ಹುಳು ಬದುಕಿರುತ್ತದೆ. ಹಾಗಂತ ಬಯಲಲ್ಲಿ ಹಚ್ಚಿದರೆ ಮಾರ್ಚ್ ತಿಂಗಳ ಗಾಳಿ ಕೈಗೆ ಸಿಗಲ್ಲ. ನಮ್ಮ ಪಕ್ಕದ ಊರಲ್ಲಿ ಹೀಗೇ ಹಚ್ಚಿದ ಬೆಂಕಿಗೆ ಜೋಳದ ಕಣಿಕೆ ಬಣವೆ ಹೋಯಿತು. ಮೇವಿಲ್ಲದೆ ಆ ಮನೆಯವರು ಎತ್ತು ಮಾರಿದರು. ಆವತ್ತಿನಿಂದ ನನಗೆ ಇದೇ ಚಿಂತೆ.

ಮೊದಲ ವರ್ಷ "ಸುಡಲು ಅನುಮತಿ ಕೊಡಿ" ಎಂದು ಬರೆದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿಯವರು "ಇದು ನಮಗೆ ಬರಲ್ಲ" ಎಂದರು. ಬಸ್ಸು, ಊಟ, ತಪ್ಪಿದ ಕೆಲಸ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಕೈಗೆ ಒಂದು ಕಾಗದವೂ ಬರಲಿಲ್ಲ. ಊರಲ್ಲಿ ಎಲ್ಲರೂ "ಬಿಡೋ ಮಾರಾಯ" ಅಂದರು.

ಮರುವರ್ಷ ದಾರಿ ಬದಲಿಸಿದೆ. ಅನುಮತಿ ಕೇಳಲೇ ಇಲ್ಲ. ಇಂಥ ವಾರ, ಇಂಥ ಸರ್ವೆ ನಂಬರಿನಲ್ಲಿ, ಗುಂಡಿಯೊಳಗೆ ಸುಡುತ್ತೇನೆ, ಮುಂಚೆ ಬಂದು ಸ್ಥಳ ನೋಡಿ ಕೊರತೆ ತಿಳಿಸಿ ಎಂದು ಬರೆದೆ. ಜೊತೆಗೆ ಪಹಣಿ, ಕೈಯಲ್ಲಿ ಬರೆದ ನಕ್ಷೆ, ಅಕ್ಕಪಕ್ಕದ ಹೊಲದವರ ಸಹಿ ಇಟ್ಟೆ. ನಕ್ಷೆಯಲ್ಲಿ ಕರೆಂಟ್ ತಂತಿ, ಬಣವೆ, ಬೋರ್‌ವೆಲ್, ಗಾಡಿ ಬರುವ ದಾರಿ ಎಲ್ಲ ತೋರಿಸಿದ್ದೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಅಗ್ನಿಶಾಮಕ ಠಾಣೆಗೆ ಕೊಟ್ಟು ನನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಕೊನೆಗೆ ಒಂದು ಸಾಲು ಸೇರಿಸಿದ್ದೆ, ಅದರಿಂದಲೇ ಅವರು ಬೇಗ ಬಂದರು ಅನ್ನೋದು ನನ್ನ ನಂಬಿಕೆ. ಆ ಸಾಲು ಇಲ್ಲಿ ಬರೆಯಲ್ಲ.

ಬಂದವರು ಚೆನ್ನಾಗಿ ನೋಡಿದರು. ಗುಂಡಿ ತಂತಿಗೆ ಹತ್ತಿರವಿದೆ, ಆಚೆ ತೋಡಿ ಎಂದರು. ಸುತ್ತ ಐದಾರು ಮೀಟರ್ ಕುಂಟೆ ಹೊಡೆದು ಒಂದು ಕಡ್ಡಿಯೂ ಇಲ್ಲದಂತೆ ಮಾಡಿಸಿದರು. ನೇಗಿಲು ಕಟ್ಟಿದ ಟ್ರ್ಯಾಕ್ಟರ್, ತುಂಬಿದ ನೀರಿನ ಟ್ಯಾಂಕರ್, ಒದ್ದೆ ಗೋಣಿಚೀಲ ಪಕ್ಕದಲ್ಲೇ ಇರಬೇಕು. ನೈಲಾನ್ ಬಟ್ಟೆ ಬೇಡ, ಹತ್ತಿ ಬಟ್ಟೆಯೇ ಹಾಕಿ. ಕೈ ಮೀರಿದರೆ ತಕ್ಷಣ 112ಕ್ಕೆ ಫೋನ್ ಮಾಡಿ ಎಂದರು. ಸೀಲು ಹಾಕಿದ ಅರ್ಜಿ ಕೈಯಲ್ಲಿದ್ದರೂ ಜವಾಬ್ದಾರಿ ನಮ್ಮದೇ. ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನ ಪ್ರಕಾರ ಬೆಂಕಿ ವಿಷಯದಲ್ಲಿ ಅಜಾಗರೂಕತೆಗೆ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನು ಗುಂಡಿ. ಸುಟ್ಟರೆ ಬೂದಿ ಯಾಕೆ, ಹೊಲಕ್ಕೆ ಹಾಕೋಕೆ ಇದ್ದಿಲೇ ಬರಲಿ ಅನ್ನೋದು ನನ್ನ ಹಟ. ಮೊದಲು 200 ಲೀಟರಿನ ಡ್ರಮ್ಮಿನಲ್ಲಿ ಮಾಡಿದೆ. ಡ್ರಮ್ಮಿಗೇ ಸಾವಿರದ ಮೇಲೆ ಹೋಯಿತು, ಒಂದು ಸುಡುವಿಕೆಗೆ ನಾಲ್ಕೈದು ಕೆಜಿ ಬಂದರೆ ಹೆಚ್ಚು. ಆಮೇಲೆ ನೆಟ್ಟಗೆ ಬಾವಿಯಂತೆ ತೋಡಿಸಿದೆ, ತಳದಲ್ಲಿ ಹೊಗೆ ಕಟ್ಟಿತು. ಈಗಿನದು ಅಡಕೆ ಹಾಳೆ ದೊನ್ನೆಯಂತೆ ಮೇಲೆ ಅಗಲ, ಕೆಳಗೆ ಚೂಪು: ಬಾಯಿ ಐದಾರು ಅಡಿ, ಆಳ ಮೂರು ಅಡಿ. ತಳದಲ್ಲಿ ಸಣ್ಣ ಬೆಂಕಿ ಮಾಡಿ ತೆಳುವಾಗಿ ಕಟ್ಟಿಗೆ ಹಾಕುತ್ತಾ ಹೋಗಬೇಕು. ಮೇಲಿನ ಕಡ್ಡಿಗೆ ಬಿಳಿ ಬೂದಿ ಹತ್ತುವುದು ಕಂಡ ಕೂಡಲೇ ಮುಂದಿನ ಪದರ. ಮೇಲೆ ಉರಿ ಇರುವವರೆಗೆ ಹೊಗೆಯನ್ನು ಅದೇ ತಿನ್ನುತ್ತದೆ, ಕೆಳಗೆ ಗಾಳಿ ಹೋಗಲ್ಲ. ಎರಡು ಮೂರು ವಾರ ಬಿಸಿಲಲ್ಲಿ ಒಣಗದ ಕಟ್ಟಿಗೆ ಹಾಕಿದರೆ ಮಾತ್ರ ಊರೆಲ್ಲ ಹೊಗೆ.

ಆರಿಸುವುದು ಇನ್ನೂ ಕಷ್ಟ. ಮಣ್ಣು ಮುಚ್ಚಿ ನೋಡಿದೆವು. ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಆ ಸಂದಿಯಿಂದ ಗಾಳಿ ಹೋಗಿ ಬೆಳಗಾಗುವುದರಲ್ಲಿ ಅರ್ಧಕ್ಕರ್ಧ ಬೂದಿ. ಈಗ ನೀರೇ ಸುರಿಯುತ್ತೇವೆ, ಗುಂಡಿಗೆ ಐನೂರು ಲೀಟರ್ ಅಂದಾಜು. ಕೋಲಲ್ಲಿ ಕೆದಕಿ ತಿರುಗಿಸಿ ಮತ್ತೆ ಸುರಿಯಬೇಕು. ನಸುಕಿಗೆ ಹಚ್ಚಿ ಒಂಬತ್ತರೊಳಗೆ ಆರಿಸಿಬಿಡುತ್ತೇವೆ. ಸಂಜೆತನಕ ಒಬ್ಬರು ಅಲ್ಲೇ ಕಾಯುತ್ತಾರೆ.

ಖರ್ಚು ಹೇಳಿಬಿಡ್ತೀನಿ. ಜೆಸಿಬಿ ಒಂದು ತಾಸಿಗೆ ಸಾವಿರದ ಇನ್ನೂರು ಚಿಲ್ಲರೆ. ಕಿತ್ತು ಒಟ್ಟಲು ಎಕರೆಗೆ ನಾಲ್ಕೈದು ಆಳು, ಎರಡು ಸಾವಿರ ದಾಟುತ್ತದೆ. ಟ್ಯಾಂಕರ್ ಬೇರೆ. ಎಕರೆಗೆ ಹೆಚ್ಚುಕಡಿಮೆ ಒಂದು ಟನ್ ಒಣ ಕಟ್ಟಿಗೆ, ಅದರಲ್ಲಿ ಇನ್ನೂರು ಕೆಜಿ ಆಸುಪಾಸು ಇದ್ದಿಲು. ಒಬ್ಬರು ಕೆಜಿಗೆ ಹತ್ತು ರೂಪಾಯಿ ಕೊಡ್ತೀನಿ ಅಂದರು, ನಾನು ಮಾರಲಿಲ್ಲ.

ಸುಮ್ನೆ ಇರಲಾರದೆ ತೊಗರಿ ಕಟ್ಟಿಗೆಯನ್ನೂ ಹಾಕಿ ನೋಡಿದೆ. ಇದ್ದಿಲು ಗಟ್ಟಿ ಬರುತ್ತದೆ, ಆದರೆ ಆ ಕಟ್ಟಿಗೆಗೆ ಒಲೆಯಲ್ಲೇ ಬೇಡಿಕೆ ಇದೆ. ಮೆಣಸಿನ ಗಿಡ ಬೇಡವೇ ಬೇಡ, ಘಾಟಿಗೆ ಆಳುಗಳು ಓಡಿಹೋದರು. ಎರೆ ಹೊಲಕ್ಕೆ ಇದ್ದಿಲು ಹಾಕಿ ಏನೂ ಫರಕು ಕಾಣಲಿಲ್ಲ, ಆ ಮಣ್ಣೂ ಕ್ಷಾರ, ಇದ್ದಿಲೂ ಕ್ಷಾರ ಅಲ್ವಾ. ಮಸಾರಿ, ಅಂದರೆ ಕೆಂಪು ಮಣ್ಣಿನ ಪಟ್ಟಿಯಲ್ಲಿ ಮಾತ್ರ ಇದ್ದಿಲು ಹಾಕಿದ ಕಡೆ ಪಕ್ಕದ ಸಾಲಿಗಿಂತ ಗಿಡ ತಡವಾಗಿ ಬಾಡಿತು. ಏನೂ ಬೆರೆಸದ ಹೊಸ ಇದ್ದಿಲು ನೇರ ಹಾಕಬೇಡಿ, ಗಿಡಕ್ಕೆ ಸಿಗಬೇಕಾದ ಸಾರಜನಕ ಅದೇ ಹೀರಿಕೊಳ್ಳುತ್ತದೆ. ನಾನು ಮೊದಲು ದನದ ಕೊಟ್ಟಿಗೆಯಲ್ಲಿ ಹಾಸುತ್ತೇನೆ, ಗಂಜಲ ಹೀರಿ ವಾಸನೆಯೂ ಹೋಗುತ್ತದೆ. ಆಮೇಲೆ ಅದಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದನ್ನು ಇನ್ನೊಂದು ಮಳೆಗಾಲ ನೋಡಿ ಹೇಳ್ತೀನಿ.