‘ಚೆನ್ನಾಗಿದೆ, ಓದಿ’ ಎಂದರೆ ಸಾಲದು

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಲೇ ನಿವೃತ್ತಳಾದವಳು ನಾನು. ಎದುರಿಗೆ ಕುಳಿತವರನ್ನು ನಾಲ್ಕು ಮಾತು ವಿಚಾರಿಸದೆ ಏನನ್ನೂ ಮಂಜೂರು ಮಾಡಿದವಳಲ್ಲ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಓದುಗರ ಗುಂಪಿನಲ್ಲಿ ಕಾದಂಬರಿ ಸೂಚಿಸುವಾಗಲೂ ಅದೇ ಪದ್ಧತಿ.

‘ನಿಮಗೆ ಯಾವ ಲೇಖಕರು ಇಷ್ಟ’ ಎಂದು ಕೇಳಿದರೆ ಎಲ್ಲರೂ ಕಾರಂತ, ಕುವೆಂಪು, ಭೈರಪ್ಪ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ‘ಈಚೆಗೆ ಯಾವ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ’ ಎಂದು ಕೇಳಿ ನೋಡಿ. ವರ್ಣನೆ ಬಂದೊಡನೆ ಪುಟ ಹಾರಿಸುವವರು, ಮಗುವಿನ ಸಾವನ್ನು ಓದಲಾರದವರು, ಹೆಸರುಗಳು ಹೆಚ್ಚಾದರೆ ಗಲಿಬಿಲಿಗೊಳ್ಳುವವರು ಆಗ ಹೊರಗೆ ಬರುತ್ತಾರೆ.

ಎಲ್ಲಿ ಓದುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಮುಂಬೈಯಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಪುಸ್ತಕ. ಕುಳಿತುಕೊಳ್ಳಲು ಜಾಗ ಸಿಕ್ಕರೆ ಘಾಟ್ಕೋಪರ್ ನಿಲ್ದಾಣ ಬಂದ ಮೇಲೆ. ಇಂಥವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹೇಳುವುದು ಹಿಂಸೆಯೇ ಸರಿ. ನೂರಾರು ಪುಟ, ಒಬ್ಬನೇ ನಾಯಕನಿಲ್ಲ, ಕಥೆಯ ಎಳೆಗಳು ಹಲವು. ಅದನ್ನು ದೀಪಾವಳಿಯ ರಜೆಗೆ ಹೇಳಿ. ರೈಲಿಗೆ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ: ತೆಳುವಾದ ಪುಸ್ತಕ, ನಗು ಇದೆ, ನಿಲ್ದಾಣ ಬಂದಾಗ ಮುಚ್ಚಿಟ್ಟರೂ ದಾರ ತಪ್ಪುವುದಿಲ್ಲ. ಕಾಡಿನಲ್ಲಿ ಅದರ ಪಾತ್ರಗಳು ಏನನ್ನು ಹುಡುಕುತ್ತವೆ ಎಂಬುದನ್ನು ಮಾತ್ರ ಬಾಯಿ ಬಿಡಬೇಡಿ. ನಾನು ಇಲ್ಲಿಯೂ ಹೇಳುವುದಿಲ್ಲ.

ಇನ್ನು ಪುಸ್ತಕದ ಬಗ್ಗೆ ಹೇಳುವ ಬಗೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ನಮ್ಮ ಊರಿನ ಕಾದಂಬರಿಯಾದ್ದರಿಂದ ಎಲ್ಲರೂ ಅದನ್ನು ‘ಮಹಾನಗರದ ಬದುಕಿನ ಕನ್ನಡಿ’ ಎನ್ನುತ್ತಾರೆ. ಹಾಗೆಂದರೆ ಯಾರಿಗೂ ಓದುವ ಆಸೆ ಹುಟ್ಟುವುದಿಲ್ಲ. ಹೀಗೆ ಹೇಳಿ: ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಅಮಾನತು ಮಾಡುತ್ತಾರೆ, ತನ್ನ ಮೇಲಿನ ಆರೋಪ ಏನು, ಹಿಂದೆ ಯಾರಿದ್ದಾರೆ ಎಂದು ಅವನು ತಲೆ ಕೆಡಿಸಿಕೊಳ್ಳುತ್ತಾನೆ. ಅಷ್ಟಕ್ಕೆ ನಿಲ್ಲಿಸಿ. ಜೊತೆಗೆ ಎಚ್ಚರಿಕೆಯನ್ನೂ ಕೊಡಿ: ನಾವು ಬಹುಪಾಲು ಅವನ ತಲೆಯೊಳಗೇ ಇರುತ್ತೇವೆ, ಅದೇ ಸಂಶಯ ಸುತ್ತಿ ಸುತ್ತಿ ಬರುತ್ತದೆ, ವೇಗವಾಗಿ ಓಡುವ ಕಥೆ ಬೇಕೆನ್ನುವವರಿಗೆ ಉಸಿರು ಕಟ್ಟುತ್ತದೆ. ಕಚೇರಿಯ ಪಿಸುಮಾತುಗಳನ್ನು ಕಂಡವರಿಗೆ ಆ ಸುತ್ತಾಟವೇ ರುಚಿ; ನನಗಂತೂ ಹೌದು. ಆದರೆ ನೌಕರಿ ಈಗಷ್ಟೇ ಕಳೆದುಕೊಂಡವರಿಗೆ ಅದನ್ನು ಕೊಡಬೇಡಿ.

ಪ್ರಶಸ್ತಿಯನ್ನು ಕೊನೆಯಲ್ಲಿ ಹೇಳಿ, ಇಲ್ಲವೇ ಬಿಟ್ಟುಬಿಡಿ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು ಎಂದರೆ ಕೇಳುವವರು ಗೌರವದಿಂದ ತಲೆಯಾಡಿಸುತ್ತಾರೆ, ಪುಸ್ತಕ ಕೇಳುವುದಿಲ್ಲ. ಮುಂಬೈಯ ಕಾರ್ಮಿಕರ ಹೋರಾಟದ ಕಥೆ ಎನ್ನಿ. ಮನೆಯಲ್ಲಿ ಮುಷ್ಕರದ ನೆನಪಿರುವವರು ತಾವಾಗಿಯೇ ಕೈ ಚಾಚುತ್ತಾರೆ.

ನೀವು ಮೆಚ್ಚಿದ್ದನ್ನು ಇನ್ನೊಬ್ಬರು ತಳ್ಳಿಹಾಕಿದರೆ ವಕಾಲತ್ತು ವಹಿಸಬೇಡಿ. ಯಾವ ಅಧ್ಯಾಯದಲ್ಲಿ ಬೇಸರವಾಯಿತು ಎಂದು ಕೇಳಿ, ಪುಸ್ತಕ ಕೈಯಲ್ಲಿದ್ದರೆ ಆ ಪುಟವನ್ನೇ ತೆರೆಯಿರಿ. ‘ನಿಮಗೆ ಅರ್ಥವಾಗಿಲ್ಲ’ ಎಂಬ ಮಾತು ನಮ್ಮ ಗುಂಪಿನಲ್ಲಿ ನಿಷಿದ್ಧ. ನಿಮಗೇ ಹಿಡಿಸದಿದ್ದಾಗಲೂ ಇದೇ ನಿಯಮ. ‘ಬೋರು’ ಎಂದು ಕೈ ತೊಳೆದುಕೊಳ್ಳುವವರಿಗೆ ನಾನು ಚಹಾ ತಡವಾಗಿ ಕೊಡುತ್ತೇನೆ.

ಎರವಲು ಕೊಡುವ ಪ್ರತಿಯ ಮೊದಲ ಪುಟದಲ್ಲಿ ನಿಮ್ಮ ಹೆಸರಿರಲಿ. ‘ಓದಿದಿರಾ’ ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಪೀಡಿಸಬೇಡಿ.

ಪಕ್ಕದ ಮನೆಯ ಮರಾಠಿ ಓದುಗರನ್ನು ಮಾತ್ರ ಬಿಡಬೇಡಿ. ಮಹಾಭಾರತವನ್ನು ಪವಾಡಗಳಿಲ್ಲದೆ ಹೇಳುವ ಭೈರಪ್ಪನವರ ‘ಪರ್ವ’ವನ್ನು ಪುಣೆಯ ಉಮಾ ಕುಲಕರ್ಣಿಯವರು ಮರಾಠಿಗೆ ತಂದಿದ್ದಾರೆ. ನೀವು ಕನ್ನಡದಲ್ಲಿ, ಅವರು ಮರಾಠಿಯಲ್ಲಿ ಒಟ್ಟಿಗೇ ಆರಂಭಿಸಿ. ಕುಂತಿಯ ಬಗ್ಗೆ ಇಬ್ಬರಿಗೂ ಜಗಳವಾಗುವುದು ಖಂಡಿತ. ಅದಕ್ಕಾಗಿ ಒಂದು ಭಾನುವಾರದ ಮಧ್ಯಾಹ್ನವನ್ನು ಖಾಲಿ ಇಟ್ಟುಕೊಳ್ಳಿ.